ಹಂಚಿಕೊಳ್ಳುವ ಗಣಕ: ಸಿಂಪ್ಯೂಟರ್ ಕುರಿತು ಒಂದು ಮರುವಿಚಾರ

ಈಗ ಪಿಯುಸಿಯಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಸಿಂಪ್ಯೂಟರ್ ಎಂಬ ಹೆಸರು ಗೊತ್ತಿರುವ ಸಂಭವ ಕಡಿಮೆ. ಅವರ ಅಧ್ಯಾಪಕರಿಗೆ ನೆನಪಿರಬಹುದು. 2001ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಅನಾವರಣಗೊಂಡ ಈ ಅಂಗೈಗಣಕ ಆ ವರ್ಷ ದೇಶವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕರು ಗಣಕ ಕ್ಷೇತ್ರದಲ್ಲಿ ಆ ವರ್ಷದ ಅತಿ ಮುಖ್ಯ ನಾವೀನ್ಯವೆಂದು ಇದನ್ನೇ ಆರಿಸಿದ್ದರು. ಐವತ್ತು ಸಾವಿರ ಸಿಂಪ್ಯೂಟರುಗಳು ಮಾರಾಟವಾಗುತ್ತವೆ ಎಂಬ ನಿರೀಕ್ಷೆ ಇತ್ತು. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ.

ಈ ಸೋಲಿಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಕೊಡುತ್ತಾರೆ: ಬೆಲೆ ಹೆಚ್ಚಾಯಿತು, ಅಷ್ಟರಲ್ಲಿ ಮೊಬೈಲು ಬಂತು. ಎರಡೂ ನಿಜ. ಆದರೆ ಇವೆರಡನ್ನೇ ಹೇಳಿ ಮುಗಿಸಿದರೆ ಸಿಂಪ್ಯೂಟರಿನಲ್ಲಿದ್ದ ಅತ್ಯಂತ ಸ್ವಂತಿಕೆಯ ಅಂಶ ಯಾವುದು, ಅದು ಎಲ್ಲಿ ಎಡವಿತು ಎಂಬುದು ಮರೆಯಾಗುತ್ತದೆ. ಆ ಅಂಶವೆಂದರೆ ಒಂದು ಗಣಕವನ್ನು ಒಂದು ಊರೇ ಹಂಚಿಕೊಳ್ಳಬೇಕೆಂಬ ಕಲ್ಪನೆ. ಅದನ್ನೇ ಇಲ್ಲಿ ಪರಿಶೀಲಿಸುತ್ತೇನೆ. ಒರೆಗಲ್ಲಾಗಿ ನನಗೆ ಪರಿಚಯವಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನು ಇಟ್ಟುಕೊಂಡಿದ್ದೇನೆ. ಆಗ ಇವೆಲ್ಲ ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಸಿಂಪ್ಯೂಟರ್ ಹುಟ್ಟಿದ ಜಾಗದಿಂದ ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆಯ ದಾರಿ. ಯಾವ ಹಳ್ಳಿಗರಿಗಾಗಿ ಈ ಯಂತ್ರವನ್ನು ಕಲ್ಪಿಸಲಾಗಿತ್ತೋ ಅಂಥವರಲ್ಲಿ ಅತಿ ಹತ್ತಿರದವರು ಇಲ್ಲಿನವರೇ.

ಹುಟ್ಟಿದ ಬಗೆ

1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನ ಮೇಳದ ಸಂದರ್ಭದಲ್ಲಿ ಒಂದು ವಿಚಾರ ಸಂಕಿರಣ ಏರ್ಪಾಡಾಗಿತ್ತು. ಬಡ ದೇಶಗಳ ಜನಸಾಮಾನ್ಯರಿಗೆ ಗಣಕವನ್ನು ತಲಪಿಸುವುದು ಹೇಗೆ ಎಂಬ ಚರ್ಚೆ ಅಲ್ಲಿ ನಡೆದು, ಬೆಂಗಳೂರು ಘೋಷಣೆ ಎಂಬ ದಾಖಲೆ ಹೊರಬಂತು. ಮರುವರ್ಷ, 1999ರ ನವೆಂಬರಿನಲ್ಲಿ, ಏಳು ಮಂದಿ ಸೇರಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು. ವಿನಯ್ ದೇಶಪಾಂಡೆ, ಶಶಾಂಕ್ ಗರ್ಗ್, ಮಾರ್ಕ್ ಮಥಾಯಸ್ ಇವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು. ಸರಳ, ಅಗ್ಗ, ಬಹುಭಾಷಿ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಜೋಡಿಸಿ ಹೆಸರಿಟ್ಟರು.

ಸುಮಾರು ಇನ್ನೂರು ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ, 320 ಗುಣಿಸು 240 ಚುಕ್ಕೆಗಳ ಸ್ಪರ್ಶಪರದೆ, ಬರೆಯಲು ಒಂದು ಕಡ್ಡಿ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್‌ಗಳ ಮೇಲೆ ನಡೆಯುವ ಏರ್ಪಾಡು, ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಮತ್ತು ಸ್ಮಾರ್ಟ್ ಕಾರ್ಡ್ ತೂರಿಸಲು ಒಂದು ಸೀಳು. ಇಷ್ಟು ಆ ಪೆಟ್ಟಿಗೆಯಲ್ಲಿದ್ದದ್ದು. ಯಂತ್ರಾಂಶದ ವಿನ್ಯಾಸವನ್ನೂ ಮುಕ್ತ ತಂತ್ರಾಂಶದ ಮಾದರಿಯಲ್ಲಿ ಬಹಿರಂಗಪಡಿಸುವ ಪರವಾನಗಿಯೊಂದನ್ನು ಟ್ರಸ್ಟ್ ರೂಪಿಸಿತ್ತು. ತಯಾರಿಸಿ ಮಾರಬೇಕೆನ್ನುವವರು ಶುಲ್ಕ ಕಟ್ಟಬೇಕು. ವಿನ್ಯಾಸ ಸುಧಾರಿಸಿದರೆ ಅದನ್ನು ಕೆಲಕಾಲದ ನಂತರ ಎಲ್ಲರಿಗೂ ಹಿಂತಿರುಗಿಸಬೇಕು. ಯಂತ್ರಾಂಶವನ್ನು ಹೀಗೆ ತೆರೆದಿಡುವ ಯೋಚನೆ ಆಗ ಅಪರೂಪ. ಇಂದು ಶಾಲಾ ಪ್ರಯೋಗಾಲಯಗಳಲ್ಲಿ ಕಾಣಸಿಗುವ ಆರ್ಡುಯಿನೋ ಬಂದದ್ದು 2005ರಲ್ಲಿ.

ಮಾತನಾಡುವ ಪೆಟ್ಟಿಗೆ

ಓದಲು ಬಾರದವರಿಗೂ ಗಣಕ ನಿಲುಕಬೇಕಾದರೆ ಅದು ಮಾತನಾಡಬೇಕು. ಇದಕ್ಕಾಗಿ ರಮೇಶ್ ಹರಿಹರನ್ ಅವರು ಬೆಳೆಸಿದ ‘ಧ್ವನಿ’ ಎಂಬ ತಂತ್ರಾಂಶದ ಕೆಲಸವನ್ನು ವಿದ್ಯಾರ್ಥಿಗಳು ಅರಿಯುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಬರೆದಂತೆ ಓದಲು ಆಗದು. ಗಣಕಕ್ಕೆ ಉಚ್ಚಾರಣೆಯ ನಿಘಂಟೊಂದನ್ನು ಕೊಡಬೇಕು. ಕನ್ನಡದಲ್ಲಿ ಅಕ್ಷರಕ್ಕೂ ಉಲಿಗೂ ಬಹುಮಟ್ಟಿಗೆ ನೇರ ಸಂಬಂಧವಿದೆ. ಹಾಗೆಂದು ಎಲ್ಲ ಅಕ್ಷರಗಳನ್ನೂ ಧ್ವನಿಮುದ್ರಿಸಿ ಇಡಲು ಹೊರಟರೆ ಒತ್ತಕ್ಷರಗಳೂ ಸೇರಿ ಸಾವಿರಾರಾಗುತ್ತವೆ, ಪುಟ್ಟ ಯಂತ್ರದ ಸ್ಮೃತಿಯಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಸ್ವರ, ವ್ಯಂಜನದಿಂದ ಸ್ವರಕ್ಕೆ ಹೋಗುವ ತುಣುಕು, ಸ್ವರದಿಂದ ವ್ಯಂಜನಕ್ಕೆ ಹೋಗುವ ತುಣುಕು ಹೀಗೆ ಕೆಲವು ನೂರು ಉಲಿಗಳನ್ನಷ್ಟೇ ಇಟ್ಟುಕೊಂಡು ಬೇಕಾದಂತೆ ಹೊಲಿಯುತ್ತಾರೆ. ‘ಅಕ್ಕ’ ಎನ್ನಲು ‘ಅಕ್’ ತುಣುಕಿಗೆ ‘ಕ’ ತುಣುಕನ್ನು ಜೋಡಿಸಿದರಾಯಿತು. ಹೊಲಿಗೆ ಹಾಕುವ ಜಾಗ ಸ್ವರದ ಸ್ಥಿರ ಭಾಗದಲ್ಲಿ ಬರುವಂತೆ ನೋಡಿಕೊಂಡರೆ ಕಿವಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಏರಿಳಿತವಿಲ್ಲದ, ಯಾಂತ್ರಿಕ ದನಿ ಎಂಬುದು ನಿಜ, ಆದರೆ ಅರ್ಥವಾಗುತ್ತಿತ್ತು. ಆಗಿನ ಸಂಸ್ಕಾರಕದ ಶಕ್ತಿಯನ್ನು ನೆನೆದರೆ ಇದು ಅಚ್ಚುಕಟ್ಟಾದ ಕೆಲಸ. ಧ್ವನಿ ಮುಂದೆ ಮುಕ್ತ ತಂತ್ರಾಂಶವಾಗಿ ಇತರ ಭಾರತೀಯ ಭಾಷೆಗಳಿಗೂ ವಿಸ್ತರಿಸಿತು. ನನ್ನ ಎಣಿಕೆಯಲ್ಲಿ ಇಡೀ ಯೋಜನೆಯಿಂದ ಉಳಿದು ಬಂದ ಬೆಲೆಬಾಳುವ ಫಲಗಳಲ್ಲಿ ಇದೂ ಒಂದು.

ಈಗ ಇದನ್ನು ಚಿಂತಾಮಣಿಯ ಕಡೆಯ ಒಂದು ಹಳ್ಳಿಗೆ ಒಯ್ದು ನೋಡೋಣ. ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಪಹಣಿಯೂ ಕನ್ನಡ. ಅಜ್ಜಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಯಂತ್ರ ಹೇಳುವ ಲಿಖಿತ ಕನ್ನಡ ಅರ್ಥವಾಗಬೇಕಿಲ್ಲ. ಗೌರಿಬಿದನೂರಿನ ಉತ್ತರದ ಹಳ್ಳಿಗಳಲ್ಲೂ ಇದೇ ಸ್ಥಿತಿ. ಶಿಡ್ಲಘಟ್ಟದ ನೂಲು ಬಿಚ್ಚುವವರ ಮನೆಗಳಲ್ಲಿ ಉರ್ದು ಬೇರೆ. ಬಹುಭಾಷಿ ಎಂಬ ಮಾತಿಗೆ ಕನ್ನಡಿಗರಿಗೆ ಕನ್ನಡ, ತಮಿಳರಿಗೆ ತಮಿಳು ಎಂದಷ್ಟೇ ಅರ್ಥ ಹಚ್ಚಿದರೆ ಈ ಗಡಿಸೀಮೆಯಲ್ಲಿ ಸಾಲದು. ಇಲ್ಲಿ ಒಬ್ಬನೇ ಮನುಷ್ಯ ದಿನಕ್ಕೆ ಮೂರು ಭಾಷೆಗಳಲ್ಲಿ ವ್ಯವಹರಿಸುತ್ತಾನೆ, ಬರೆದದ್ದನ್ನು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಅರ್ಥಮಾಡಿಕೊಳ್ಳುತ್ತಾನೆ.

ಭಾಷೆಯ ತೊಡಕು ಬಗೆಹರಿಯಿತೆಂದೇ ಇಟ್ಟುಕೊಳ್ಳಿ. ಪಹಣಿಯಲ್ಲಿ ಜಮೀನಿನ ವಿಸ್ತೀರ್ಣ 2.14 ಎಂದು ಇರುತ್ತದೆ. ನಮ್ಮ ವಿದ್ಯಾರ್ಥಿ ಇದನ್ನು ದಶಮಾಂಶವೆಂದು ಓದುತ್ತಾನೆ; ಯಂತ್ರಕ್ಕೆ ಹೇಳಿಕೊಡದಿದ್ದರೆ ಅದೂ ಹಾಗೆಯೇ ಓದುತ್ತದೆ. ರೈತನಿಗೆ ಅದು ಎರಡು ಎಕರೆ ಹದಿನಾಲ್ಕು ಗುಂಟೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ದಶಮಾಂಶದಲ್ಲಿ 2.35 ಎಕರೆ. ‘ಸ.ನಂ.’ ಎಂದರೆ ಸರ್ವೆ ನಂಬರು, ‘ಬಿನ್’ ಎಂದರೆ ಇಂಥವರ ಮಗ. ಪಠ್ಯವನ್ನು ಉಲಿಯಾಗಿಸುವುದು ವಿಜ್ಞಾನ ಸಂಸ್ಥೆಯಲ್ಲಿ ಬಗೆಹರಿಯಬಹುದಾದ ಸಮಸ್ಯೆ. ಆ ಪಠ್ಯವನ್ನು ಬದುಕಿನ ಮಾತಾಗಿಸಬೇಕಾದರೆ ಪಕ್ಕದಲ್ಲಿ ಶಾನುಭೋಗಿಕೆ ಬಲ್ಲ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾರು ಎಂಬ ಪ್ರಶ್ನೆ ಸಿಂಪ್ಯೂಟರಿನ ಚರಿತ್ರೆಯುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ಕಾರ್ಡಿನ ಕಲ್ಪನೆ

ಗಣಕದ ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸು ಇರಬೇಕೆಂದು ಆರಂಭದಲ್ಲಿ ಹೇಳಲಾಗಿತ್ತು. ಕೂಲಿಯಿಂದ ಬದುಕುವವನಿಗೆ ಅದೂ ದುಬಾರಿಯೇ. ಟ್ರಸ್ಟಿನವರು ಇದನ್ನು ಬಲ್ಲವರಾಗಿದ್ದರು. ಅವರ ಪರಿಹಾರ ಹೀಗಿತ್ತು: ಯಂತ್ರವನ್ನು ಪಂಚಾಯಿತಿಯೋ ಶಾಲೆಯೋ ಅಂಗಡಿಯವನೋ ಕೊಳ್ಳಲಿ, ಹಳ್ಳಿಗ ಒಂದು ಸ್ಮಾರ್ಟ್ ಕಾರ್ಡ್ ಮಾತ್ರ ಕೊಳ್ಳಲಿ. ಕಾರ್ಡಿನೊಳಗಿನ ಪುಟ್ಟ ಚಿಪ್ಪಿನಲ್ಲಿ ಅವನ ಗುರುತು, ಲೆಕ್ಕ, ಆಯ್ಕೆಗಳು ಇರುತ್ತವೆ. ಯಾವುದೇ ಸಿಂಪ್ಯೂಟರಿಗೆ ತೂರಿಸಿದರೂ ಅಷ್ಟು ಹೊತ್ತು ಅದು ಅವನ ಯಂತ್ರ, ಹೊರತೆಗೆದರೆ ಇನ್ನೊಬ್ಬನದು. ವೈಯಕ್ತಿಕ ಗಣಕ ಎಂಬ ಮಾತಿನಲ್ಲಿ ‘ವೈಯಕ್ತಿಕ’ವನ್ನು ಯಂತ್ರದಿಂದ ಕಿತ್ತು ಕಾರ್ಡಿಗೆ ವರ್ಗಾಯಿಸಿದ ಈ ಯೋಚನೆ ಅಮೆರಿಕದ ಯಾವ ಅಂಗೈಗಣಕದಿಂದಲೂ ಎರವಲು ತಂದದ್ದಾಗಿರಲಿಲ್ಲ. ಬಡತನವನ್ನು ಎದುರಿಗಿಟ್ಟುಕೊಂಡು ಯೋಚಿಸಿದವರಿಗೆ ಹೊಳೆಯುವಂಥದ್ದು.

ಆದರೆ ಕಾರ್ಡು ತಾನಾಗಿ ಹುಟ್ಟುವುದಿಲ್ಲ. ಅದನ್ನು ಒಂದು ಸಂಸ್ಥೆ ಕೊಡಬೇಕು, ಕಳೆದರೆ ಬದಲಿ ಕೊಡಬೇಕು, ಅದರಲ್ಲಿ ಬರೆದ ಲೆಕ್ಕವನ್ನು ಮಾನ್ಯಮಾಡಬೇಕು. ಯಂತ್ರ ಒಬ್ಬರ ವಶದಲ್ಲಿರಬೇಕು. ಆ ಒಬ್ಬರಿಗೆ ಅದರಿಂದ ನಾಲ್ಕು ಕಾಸು ಗಿಟ್ಟಬೇಕು. ಹೀಗೆ ಹಂಚಿಕೊಂಡು ಬಳಸುವ ಯಂತ್ರಗಳು ನಮಗೆ ಹೊಸವಾಗಿರಲಿಲ್ಲ. ಸಿ-ಡಾಟ್ ಸಂಸ್ಥೆ ರೂಪಿಸಿದ 128 ಕೊಂಡಿಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ, ಹಳ್ಳಿಯ ಧೂಳು ಸೆಕೆಗಳನ್ನು ತಾಳುವ ಯಂತ್ರ ಅದು. ಅದರ ಜೊತೆಗೇ ಬಂದದ್ದು ಹಳದಿ ಫಲಕದ ಎಸ್‌ಟಿಡಿ ಬೂತು. ಬೂತಿನವನಿಗೆ ಕರೆಯ ಮೇಲೆ ಕಮಿಷನ್ ಇತ್ತು. ನಂಬರು ಒತ್ತಿಕೊಡುವವನೂ, ಚಿಲ್ಲರೆ ಎಣಿಸುವವನೂ, ‘ನಿಮ್ಮ ಮಗ ಫೋನು ಮಾಡಿದ್ದ’ ಎಂದು ಮನೆಗೆ ಹೇಳಿಕಳಿಸುವವನೂ ಅವನೇ. ಟೆಲಿಫೋನು ಹಳ್ಳಿಗೆ ಬಂದ ಕಥೆಯಲ್ಲಿ ಅವನಿಗೂ ಆ ಯಂತ್ರಕ್ಕೂ ಸಮಪಾಲು.

ಇನ್ನೊಂದು ಉದಾಹರಣೆ 2004ರದ್ದೇ. ಆ ವರ್ಷದ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೀಟಾ ಕಂಪನಿ ಸೇರಿ ‘ಅಮಿಡಾ ಸಿಂಪ್ಯೂಟರ್’ ಬಿಡುಗಡೆ ಮಾಡಿದವು. ಮುಂದಿನ ತಿಂಗಳೇ ಕರ್ನಾಟಕದಲ್ಲಿ ಚುನಾವಣೆ. ದೇಶದಾದ್ಯಂತ ಪೂರ್ತಿಯಾಗಿ ವಿದ್ಯುನ್ಮಾನ ಮತಯಂತ್ರಗಳಲ್ಲೇ ನಡೆದ ಮೊದಲ ಲೋಕಸಭಾ ಚುನಾವಣೆ ಅದು. ಆ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಇದೇ ಭಾರತ್ ಎಲೆಕ್ಟ್ರಾನಿಕ್ಸ್. ಅಕ್ಷರ ಬಾರದ ಕೋಟ್ಯಂತರ ಮಂದಿ ಅದನ್ನು ತಡವರಿಸದೆ ಬಳಸಿದರು. ಮತಯಂತ್ರ ಮಾಡುವುದು ಒಂದೇ ಕೆಲಸ, ಸಿಂಪ್ಯೂಟರ್ ಮಾಡಬೇಕಾದದ್ದು ನೂರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ಣ ನ್ಯಾಯವಲ್ಲ ಎಂದು ಒಪ್ಪುತ್ತೇನೆ. ಆದರೂ ಗಮನಿಸಿ: ಮತದಾರನ ಗುಂಡಿಗಳ ಪೆಟ್ಟಿಗೆ ಒಂದು, ಅಧಿಕಾರಿಯ ಕೈಯಲ್ಲಿರುವ ನಿಯಂತ್ರಣ ಪೆಟ್ಟಿಗೆ ಇನ್ನೊಂದು. ಯಂತ್ರವನ್ನು ಹಂಚಿಕೊಳ್ಳುವಾಗ ನಡುವೆ ಒಬ್ಬ ಇರುತ್ತಾನೆ ಎಂಬುದನ್ನು ವಿನ್ಯಾಸದಲ್ಲೇ ಬರೆದಿಟ್ಟಿದ್ದಾರೆ.

ಬಿಡುಗಡೆಯಲ್ಲಿ ಆದದ್ದು

1998ರ ಯೋಚನೆ, 2001ರ ಅನಾವರಣ, 2004ರ ಅಂಗಡಿ. ಈ ಆರು ವರ್ಷಗಳಲ್ಲಿ ಜಗತ್ತು ನಿಂತು ಕಾಯಲಿಲ್ಲ. ಬಿಡಿಭಾಗಗಳ ಬೆಲೆ ಕೊಳ್ಳುವ ಪ್ರಮಾಣವನ್ನು ಅವಲಂಬಿಸಿರುತ್ತದೆ. ಲಕ್ಷಗಟ್ಟಲೆ ಪರದೆ ಕೊಳ್ಳುವವನಿಗೆ ಸಿಗುವ ದರ ಸಾವಿರ ಕೊಳ್ಳುವವನಿಗೆ ಸಿಗುವುದಿಲ್ಲ. ಬೆಲೆ ಇಳಿಯದೆ ಮಾರಾಟ ಹೆಚ್ಚದು, ಮಾರಾಟ ಹೆಚ್ಚದೆ ಬೆಲೆ ಇಳಿಯದು. ದೊಡ್ಡ ಬಂಡವಾಳವಿಲ್ಲದ ಟ್ರಸ್ಟಿಗೆ ಈ ಸುಳಿಯಿಂದ ಹೊರಬರುವ ದಾರಿ ಇರಲಿಲ್ಲ. ಅಮಿಡಾದ ವಿವಿಧ ಮಾದರಿಗಳ ಬೆಲೆ ಸುಮಾರು ಹತ್ತು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ನಿಂತಿತು.

ಆಗ ಕಂಪನಿ ಗಿರಾಕಿಯನ್ನೇ ಬದಲಾಯಿಸಿತು. ಅಮಿಡಾ ನಗರದ ಉದ್ಯೋಗಸ್ಥನ ಜೇಬಿಗೆ ಹೊಂದುವ ಉಪಕರಣವಾಗಿ ಮಾರುಕಟ್ಟೆಗೆ ಬಂತು. ಕೈಬರಹದಲ್ಲೇ ಇ-ಅಂಚೆ ಕಳಿಸಬಹುದು, ಟಿಪ್ಪಣಿ ಗೀಚಬಹುದು, ಯಂತ್ರವನ್ನು ಓರೆ ಮಾಡಿದರೆ ಪುಟ ಮಗುಚುತ್ತದೆ. ಕೊನೆಯದಕ್ಕೆ ಒಳಗೆ ಒಂದು ವೇಗೋತ್ಕರ್ಷಮಾಪಕ ಇತ್ತು; ವಾಲಿದಾಗ ಗುರುತ್ವದ ದಿಕ್ಕಿನಲ್ಲಿ ಆಗುವ ಬದಲಾವಣೆಯನ್ನು ಅದು ಅಳೆಯುತ್ತದೆ. ಇದೇ ಚಮತ್ಕಾರವನ್ನು ಜನ 2007ರ ಐಫೋನಿನಲ್ಲಿ ನೋಡಿ ಬೆರಗಾದರು. ತಾಂತ್ರಿಕವಾಗಿ ಹೆಮ್ಮೆಪಡುವಂಥದ್ದೇ. ಆದರೆ ‘ಜನರ ಗಣಕ’ ಎಂದು ಆರು ವರ್ಷ ಕೇಳಿದವರಿಗೆ ಇದು ಬೇರೆ ಯಂತ್ರವಾಗಿ ಕಂಡಿತು. ನಗರದವನಿಗೆ ಅದು ಬಣ್ಣಗೆಟ್ಟ ವಿದೇಶಿ ಅಂಗೈಗಣಕ, ಹಳ್ಳಿಯವನಿಗೆ ಕೈಗೆಟುಕದ ಆಟಿಕೆ. ಇಬ್ಬರಲ್ಲಿ ಯಾರಿಗೆಂದು ತೀರ್ಮಾನಿಸದೆ ಬಿಡುಗಡೆ ಮಾಡಿದ್ದನ್ನು ನಾನು ಬೆಲೆಗಿಂತಲೂ ದೊಡ್ಡ ತಪ್ಪೆಂದು ಎಣಿಸುತ್ತೇನೆ.

ಆ ದಿನಗಳಲ್ಲಿ ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ನಾನು ಇದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಊರಿಗೆ ಬಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಚಹಾ ಕುಡಿಯುತ್ತ, ಪರಿಚಯದ ಹಿಪ್ಪುನೇರಳೆ ಬೆಳೆಗಾರರೊಬ್ಬರಿಗೆ ವರ್ಣಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಇವೊತ್ತು ರಾಮನಗರ್‌ದಾಗೆ ಗೂಡು ಏನ್ ರೇಟು ಅಂತ ಹೇಳ್ತದಾ ಮೇಷ್ಟ್ರೇ?” ಎಂದರು. ಯಾರಾದರೂ ಬೆಳಿಗ್ಗೆ ಅದರೊಳಗೆ ಹಾಕಿದರೆ ಹೇಳುತ್ತದೆ ಎಂದೆ. “ಯಾರು ಹಾಕ್ತಾರೆ?” ಎಂದರು. ಮತ್ತೆ, “ಕೆಟ್ಟೋದ್ರೆ ಯಾರ್ ಹತ್ರ ತಗೊಂಡೋಗೋದು?” ನನ್ನಲ್ಲಿ ಎರಡಕ್ಕೂ ಉತ್ತರವಿರಲಿಲ್ಲ. ಗೂಡು ಬಹಳ ದಿನ ಇಟ್ಟುಕೊಳ್ಳುವ ಸರಕಲ್ಲ. ಒಳಗಿನ ಪತಂಗ ಹೊರಬರುವ ಮುಂಚೆ ಮಾರಬೇಕು. ನಿನ್ನೆಯ ದರ ಅವರಿಗೆ ಕಸ. ಫೋನು ಮಾಡಿ ಕೇಳಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಒಳಬರುವ ಕರೆ 2003ರಿಂದ ಉಚಿತವಾಗಿತ್ತು. ಅದೇ ವರ್ಷ ಬಂದ ನೋಕಿಯಾ 1100ರಲ್ಲಿ ಧೂಳು ಹೊಗದ ಕೀಲಿಮಣೆ, ರಾತ್ರಿ ನೀರು ಹಾಯಿಸಲು ಹೋಗುವವನಿಗೆ ಟಾರ್ಚು. ಮೊಬೈಲಿಗೆ ಪಠ್ಯ ಓದುವ ತಂತ್ರಾಂಶ ಬೇಕಿರಲಿಲ್ಲ, ಆ ಕಡೆ ಮಾತನಾಡುವ ಮನುಷ್ಯನೇ ಇದ್ದ, ಅದೂ ತೆಲುಗಿನಲ್ಲೋ ಉರ್ದುವಿನಲ್ಲೋ. ಸಿಂಪ್ಯೂಟರನ್ನು ಮೊಬೈಲು ಸೋಲಿಸಿತು ಎನ್ನುವಾಗ ಈ ವಿವರವನ್ನು ಮರೆಯಬಾರದು.

ಸಿಂಪ್ಯೂಟರ್ ಕೆಲಸಕ್ಕೆ ಬಂದ ಕಡೆಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ಗೋವಾದಲ್ಲಿ ಕಬ್ಬಿಣದ ಅದಿರಿನ ಸಾಗಣೆಯ ಲೆಕ್ಕ, ವಾಹನಗಳ ಎಂಜಿನ್ ತಪಾಸಣೆ, ಮೈಸೂರಿನ ಸಂಘಮಿತ್ರ ಸಂಸ್ಥೆಯ ಕಿರುಸಾಲದ ದಾಖಲೆ, ಸಂಚಾರಿ ಪೊಲೀಸರ ದಂಡ ವಸೂಲಿ. ಎಲ್ಲೆಡೆಯೂ ಯಂತ್ರ ಹಿಡಿದವನಿಗೆ ಒಂದು ಹುದ್ದೆ, ಒಂದು ನಿಶ್ಚಿತ ಕೆಲಸ ಇತ್ತು. ಕರ್ನಾಟಕ ಸರ್ಕಾರವೂ ಭೂದಾಖಲೆಗಳ ಮಾಹಿತಿ ಸಂಗ್ರಹಕ್ಕೆ ಇದನ್ನು ಬಳಸಿತು. ಜಮೀನಿನ ಬಳಿ ನಿಂತು ಅಲ್ಲೇ ವಿವರ ತುಂಬುವುದು ನಿಜಕ್ಕೂ ಅಂಗೈಗಣಕಕ್ಕೆ ತಕ್ಕ ಕೆಲಸ. ಅದು ಆಗ ವ್ಯಾಪಕವಾಗಿ ಬೇರೂರಲಿಲ್ಲ. 2020ರಲ್ಲಿ ರೈತರೇ ತಮ್ಮ ಸ್ಮಾರ್ಟ್‌ಫೋನಿನಲ್ಲಿ ಬೆಳೆ ಸಮೀಕ್ಷೆ ದಾಖಲಿಸುವ ಆ್ಯಪ್ ಬಂತು.

ಕಾರ್ಡಿನ ಕಲ್ಪನೆಗೆ ಎರಡನೆಯ ಜನ್ಮ ಸಿಕ್ಕಿದ್ದು ಗಡಿಯಾಚೆ, ಆಂಧ್ರಪ್ರದೇಶದಲ್ಲಿ. 2006ರಲ್ಲಿ ರಿಸರ್ವ್ ಬ್ಯಾಂಕು ಹಳ್ಳಿಗಳಲ್ಲಿ ಪ್ರತಿನಿಧಿಗಳ ಮೂಲಕ ವ್ಯವಹರಿಸಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಅನಂತರ ಆಂಧ್ರದಲ್ಲಿ ಉದ್ಯೋಗ ಖಾತರಿಯ ಕೂಲಿ, ಪಿಂಚಣಿಗಳನ್ನು ಬೆರಳಚ್ಚಿನ ಸ್ಮಾರ್ಟ್ ಕಾರ್ಡಿನ ಮೂಲಕ ಊರಿನಲ್ಲೇ ಹಂಚಲು ತೊಡಗಿದರು. ಕೈಯಂತ್ರ ಹಿಡಿದು ಕೂತವರು ಊರಿನವರೇ, ಸಂಭಾವನೆ ಪಡೆಯುವವರು. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಇದರ ಪರಿಣಾಮವನ್ನು ಅಳೆದು 2016ರಲ್ಲಿ ಪ್ರಕಟಿಸಿದರು: ಕೂಲಿ ಬೇಗ ಸೇರುತ್ತಿತ್ತು, ಸೋರಿಕೆ ಕಡಿಮೆಯಾಗಿತ್ತು. ಸಿಂಪ್ಯೂಟರ್ ಅಲ್ಲಿ ಇರಲಿಲ್ಲ. ಕಾರ್ಡು, ಹಂಚಿಕೆಯ ಯಂತ್ರ, ನಡುವಿನ ವ್ಯಕ್ತಿ ಇಷ್ಟೂ ಇದ್ದವು. ಸರ್ಕಾರ ಮೊದಲು ಕೆಲಸವನ್ನು ಗುರುತಿಸಿ, ಆಮೇಲೆ ಯಂತ್ರ ಹುಡುಕಿತ್ತು.

ಟ್ರಸ್ಟಿನವರು ಇದನ್ನು ತಾವೇ ಮಾಡಬೇಕಿತ್ತು ಎನ್ನುವುದು ಕಟುವಾದೀತು. ಏಳು ಮಂದಿ ಬ್ಯಾಂಕನ್ನೂ ಕಂದಾಯ ಇಲಾಖೆಯನ್ನೂ ಬದಲಾಯಿಸಲಾರರು. ಆದರೆ ಐವತ್ತು ಸಾವಿರದ ಕನಸಿನ ಬದಲು ಒಂದು ಹೋಬಳಿಯನ್ನು ಹಿಡಿದು, ಅಲ್ಲಿ ಈಗಾಗಲೇ ಜನ ಸರತಿ ನಿಲ್ಲುವ ಜಾಗ ಯಾವುದು ಎಂದು ನೋಡಿ, ಆ ಕೆಲಸವೊಂದಕ್ಕೆ ಯಂತ್ರವನ್ನು ಹೊಂದಿಸಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗಾಗ ಅನ್ನಿಸುತ್ತದೆ. ಗೌರಿಬಿದನೂರಿನ ಹೊಲಗಳ ನಡುವೆ ಭೂಕಂಪ ಅಳೆಯುವ ಕೇಂದ್ರವೂ, ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿಯುವ ವೀಕ್ಷಣಾಲಯವೂ ದಶಕಗಳಿಂದ ಇವೆ. ಪಕ್ಕದ ರೈತನಿಗೆ ಅವು ಬೇಲಿಯಾಚೆಯ ತಂತಿಗಳು. ಬೆಂಗಳೂರಿನ ವಿಜ್ಞಾನಕ್ಕೆ ಈ ತಾಲ್ಲೂಕುಗಳಲ್ಲಿ ಜಾಗ ಸಿಕ್ಕಿದೆ, ಗಿರಾಕಿ ಸಿಕ್ಕಿದ್ದು ಕಡಿಮೆ.

ಸರತಿಯ ಜಾಗ ಹುಡುಕಲು ದೂರ ಹೋಗಬೇಕಿರಲಿಲ್ಲ. ಚಿಕ್ಕಬಳ್ಳಾಪುರದ ಯಾವ ಹಳ್ಳಿಯಲ್ಲಾದರೂ ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ಕ್ಯಾನು ಹಿಡಿದ ಹೆಂಗಸರು ನಿಂತಿರುತ್ತಾರೆ. ವಿದ್ಯುನ್ಮಾನ ತಕ್ಕಡಿ ಹಾಲಿನ ತೂಕ ತೋರಿಸುತ್ತದೆ, ಪಕ್ಕದ ಯಂತ್ರ ಜಿಡ್ಡಿನ ಅಂಶ ಹೇಳುತ್ತದೆ, ಚೀಟಿ ಬರುತ್ತದೆ. ತಮ್ಮ ಸದಸ್ಯ ಸಂಖ್ಯೆಯನ್ನು ಎಲ್ಲರೂ ಬಾಯಿಪಾಠ ಬಲ್ಲರು. ಜಿಡ್ಡು ನಿನ್ನೆಗಿಂತ ಕಡಿಮೆ ಬಂದರೆ, ಕಾರ್ಯದರ್ಶಿಯೊಡನೆ ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ, ಇನ್ನೊಮ್ಮೆ ಹಾಕಿ ನೋಡಿ ಎನ್ನುತ್ತಾರೆ. ಅವರು ಇನ್ನೊಮ್ಮೆ ಹಾಕಿ ತೋರಿಸುತ್ತಾರೆ.